ಎಂಜಿನ್ ಕೆಲಸದ ಸ್ಪೆಷಲ್ ಟೂಲ್: ಯಾವುದನ್ನು ನಾವೇ ಮಾಡಿಕೊಳ್ಳಬಹುದು, ಯಾವುದನ್ನು ಕೊಳ್ಳಲೇಬೇಕು

ಬೈಕಿನ ಸರ್ವೀಸ್ ಮ್ಯಾನುಯಲ್ ತೆರೆದರೆ ಒಂದೆರಡು ಪುಟ ತುಂಬ ಸ್ಪೆಷಲ್ ಟೂಲ್‌ಗಳ ಪಟ್ಟಿ ಇರುತ್ತದೆ. ಮ್ಯಾಗ್ನೆಟ್ ಪುಲ್ಲರ್, ಕ್ಲಚ್ ಹೋಲ್ಡರ್, ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್, ಪಿಸ್ಟನ್ ಪಿನ್ ಪುಲ್ಲರ್, ಹೀಗೆ. ಇಷ್ಟೆಲ್ಲ ಎಲ್ಲಿಂದ ತರೋದು ಅಂತ ಕೆಲವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಇನ್ನು ಕೆಲವರು ಉಳಿ, ಸುತ್ತಿಗೆ ಹಿಡಿದು ಶುರು ಮಾಡಿಬಿಡುತ್ತಾರೆ, ಆಮೇಲೆ ಕ್ಲಚ್ ನಟ್ಟಿನ ಮೂಲೆಗಳೆಲ್ಲ ಉದುರಿ ಹೋಗಿರುತ್ತವೆ. ಪಟ್ಟಿಯಲ್ಲಿರುವ ಎಷ್ಟೋ ಟೂಲ್‌ಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದೆರಡು ಕಂಪನಿಯದಕ್ಕಿಂತ ಚೆನ್ನಾಗಿಯೂ ಆಗುತ್ತವೆ. ಆದರೆ ಕೆಲವನ್ನು ಮಾಡಲು ಹೋಗಲೇಬಾರದು.

ದುಡ್ಡು ಉಳಿಯುತ್ತದಾ ಅನ್ನೋದನ್ನು ಆಮೇಲೆ ನೋಡೋಣ. ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಕೆಲಸದ ಮಧ್ಯೆ ಈ ಟೂಲ್ ಕೈಕೊಟ್ಟರೆ ಯಾವುದು ಹಾಳಾಗುತ್ತದೆ? ಟೂಲ್ ಮಾತ್ರ ಬಗ್ಗಿ ಹೋಗುವುದಾದರೆ ಮಾಡಿಕೊಳ್ಳಿ. ಕ್ರ್ಯಾಂಕ್ ತುದಿಯ ಥ್ರೆಡ್ಡೋ, ಕ್ರ್ಯಾಂಕ್‌ಕೇಸಿನ ಮುಖವೋ, ಕಣ್ಣೋ ಹೋಗುವುದಾದರೆ ಎರಡು ಸಲ ಯೋಚಿಸಿ.

ಇದನ್ನು ಲೆಕ್ಕ ಹಾಕಲು ಟೂಲ್ ಮಾಡುವ ಕೆಲಸವನ್ನು ನೋಡಬೇಕು. ಹೆಚ್ಚಿನ ಟೂಲ್‌ಗಳ ಕೆಲಸ ಮೂರೇ ತರಹದ್ದು. ಯಾವುದನ್ನಾದರೂ ತಿರುಗದಂತೆ ಹಿಡಿಯುತ್ತವೆ, ಇಲ್ಲಾ ಎಳೆಯುತ್ತವೆ ಅಥವಾ ಒತ್ತುತ್ತವೆ, ಇಲ್ಲಾ ಅಳೆಯುತ್ತವೆ.

ಹಿಡಿಯುವ ಟೂಲ್‌ಗಳು: ಧೈರ್ಯವಾಗಿ ಮಾಡಿಕೊಳ್ಳಿ

ಕ್ಲಚ್ ಹೋಲ್ಡರ್‌ನಿಂದ ಶುರು ಮಾಡೋಣ. ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ಚೆನ್ನಾಗಿರುತ್ತದೆ ಅಂತ ನಾನು ಎದೆ ತಟ್ಟಿ ಹೇಳುವ ಟೂಲ್ ಇದೇ.

ಕ್ಲಚ್ಚಿನ ನಡುವಿನ ನಟ್ ಬಿಚ್ಚಬೇಕೆಂದರೆ ಒಳಗಿನ ಹಬ್, ಅಂದರೆ ಪ್ಲೇಟುಗಳು ಕೂರುವ ನಡುಭಾಗ, ತಿರುಗದಂತೆ ಹಿಡಿಯಬೇಕು. ಅಂಗಡಿಯಲ್ಲಿ ಸಿಗುವ ಎಲ್ಲಾ ಗಾಡಿಗೂ ಆಗುವ ಹೋಲ್ಡರ್ ಇಕ್ಕಳದ ತರಹ ಇರುತ್ತದೆ, ಹಬ್ಬಿನ ಹಲ್ಲುಗಳನ್ನು ಎರಡೋ ನಾಲ್ಕೋ ಕಡೆ ಮಾತ್ರ ಕಚ್ಚುತ್ತದೆ. ಹಬ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ನಟ್ ಬಿಗಿಯಾಗಿದ್ದರೆ ಅಷ್ಟೂ ಬಲ ಆ ಎರಡು ಜಾಗದ ಮೇಲೇ ಬಿದ್ದು ಹಲ್ಲು ಚಕ್ಕೆ ಏಳಬಹುದು. ಈಗ ನಿಮ್ಮದೇ ಗಾಡಿಯಿಂದ ತೆಗೆದ ಹಳೆಯ ಸ್ಟೀಲ್ ಕ್ಲಚ್ ಪ್ಲೇಟ್ ನೋಡಿ. ಅದರ ಒಳಅಂಚಿನ ಹಲ್ಲುಗಳು ಹಬ್ಬಿಗೆ ಸುತ್ತಲೂ ಕೂರುವಂತೆಯೇ ಮಾಡಿರುವಂಥವು, ಅಲ್ವಾ? ಅಂಥ ಎರಡು ಮೂರು ಪ್ಲೇಟನ್ನು ಹಲ್ಲಿಗೆ ಹಲ್ಲು ಸರಿಯಾಗಿ ಜೋಡಿಸಿ, ಮೇಲೆ 5 ಮಿಮೀ ದಪ್ಪ, 25 ಮಿಮೀ ಅಗಲದ ಪಟ್ಟಿಯನ್ನು ಹಿಡಿಯಾಗಿ ವೆಲ್ಡ್ ಮಾಡಿಸಿದರೆ ಮುಗಿಯಿತು. ಒಂದೇ ಪ್ಲೇಟ್ ಸಾಕಾಗುವುದಿಲ್ಲ, ತೆಳ್ಳಗಿರುವುದರಿಂದ ತಿರುಚಿಕೊಳ್ಳುತ್ತದೆ. ಹಿಡಿ 30ರಿಂದ 40 ಸೆಂಮೀ ಉದ್ದವಿರಲಿ, ಫುಟ್‌ರೆಸ್ಟಿಗೋ ಫ್ರೇಮಿಗೋ ತಾಗಿ ನಿಲ್ಲುವಷ್ಟು. ಪೇಂಟ್ ಕೀಳದಂತೆ ಅಲ್ಲೊಂದು ಬಟ್ಟೆ ಸುತ್ತಿ. ವೆಲ್ಡ್ ಮಾಡುವಾಗ ಪ್ಲೇಟ್ ಸ್ವಲ್ಪ ಸೊಟ್ಟಗಾಗುತ್ತದೆ, ಹಾಗಾಗಿ ಒಂದೇ ಕಡೆ ಉದ್ದಕ್ಕೆ ಎಳೆಯದೆ ಚಿಕ್ಕ ಚಿಕ್ಕ ಟ್ಯಾಕ್ ಹಾಕಿಸಿ, ನಡುನಡುವೆ ಹಬ್ ಮೇಲೆ ಕೂರಿಸಿ ನೋಡಿ.

ವೆಲ್ಡಿಂಗ್ ಇಲ್ಲದವರಿಗೂ ದಾರಿ ಇದೆ. ಒಂದು ಹಳೆಯ ಸ್ಟೀಲ್ ಪ್ಲೇಟ್, ಒಂದು ಹಳೆಯ ಫ್ರಿಕ್ಷನ್ ಪ್ಲೇಟ್ ಎರಡಕ್ಕೂ ತೂತು ಹೊಡೆದು ನಾಲ್ಕೈದು ಬೋಲ್ಟಿನಿಂದ ಸೇರಿಸಿ. ಸ್ಟೀಲ್ ಪ್ಲೇಟ್ ಹಬ್ಬನ್ನು ಹಿಡಿಯುತ್ತದೆ, ಫ್ರಿಕ್ಷನ್ ಪ್ಲೇಟಿನ ಹೊರಕಿವಿಗಳು ಬಾಸ್ಕೆಟ್ಟನ್ನು, ಅಂದರೆ ಕ್ಲಚ್ಚಿನ ಹೊರಬುಟ್ಟಿಯನ್ನು ಹಿಡಿಯುತ್ತವೆ. ಆಗ ಹಬ್ಬೂ ಬಾಸ್ಕೆಟ್ಟೂ ಒಂದೇ ಆಗುತ್ತವೆ. ಆದರೆ ಆ ಜೋಡಿಯನ್ನು ಇನ್ನೊಂದು ಕಡೆ ನಿಲ್ಲಿಸಬೇಕಲ್ಲ, ಅದಕ್ಕೆ ಪ್ರೈಮರಿ ಗೇರುಗಳ (ಕ್ರ್ಯಾಂಕಿನಿಂದ ಬಾಸ್ಕೆಟ್ಟನ್ನು ತಿರುಗಿಸುವ ಗೇರುಗಳು) ನಡುವೆ ತಾಮ್ರದ ಅಥವಾ ಅಲ್ಯೂಮಿನಿಯಂ ತುಂಡು ಇಟ್ಟು ಹಿಡಿಸಬೇಕು. ಸ್ಟೀಲ್ ತುಂಡು ಮಾತ್ರ ಬೇಡ.

ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ಗೇರುಗಳ ನಡುವೆ ತುಂಡು ಇಟ್ಟರೆ ನಿಲ್ಲುವುದು ಕ್ರ್ಯಾಂಕ್ ಮತ್ತು ಬಾಸ್ಕೆಟ್ ಮಾತ್ರ. ಹಬ್ ಇರುವುದು ಗೇರ್‌ಬಾಕ್ಸ್ ಶಾಫ್ಟ್ ಮೇಲೆ, ಪ್ಲೇಟುಗಳನ್ನು ತೆಗೆದ ಮೇಲೆ ಅದು ತನ್ನಷ್ಟಕ್ಕೆ ತಿರುಗುತ್ತದೆ. ಆದ್ದರಿಂದ ಪ್ರೈಮರಿ ಗೇರ್ ನಟ್ಟಿಗೆ ಈ ತುಂಡು ಸಾಕು, ಕ್ಲಚ್ ನಟ್ಟಿಗೆ ಸಾಲದು. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಬ್ರೇಕ್ ಒತ್ತಿಸಿಯೂ ಕ್ಲಚ್ ನಟ್ ಬಿಚ್ಚಬಹುದು, ಆದರೆ ಎಂಜಿನ್ ಫ್ರೇಮಿನಲ್ಲಿದ್ದು ಚೈನ್ ಹಾಕಿರುವಾಗ ಮಾತ್ರ. ಕೆಲವು ಸಣ್ಣ ಎಂಜಿನ್‌ಗಳಲ್ಲಿ ಕ್ಲಚ್ ಕ್ರ್ಯಾಂಕ್ ಮೇಲೆಯೇ ಇರುತ್ತದೆ, ಅಲ್ಲಿ ಈ ಲೆಕ್ಕವೆಲ್ಲ ಬೇರೆ. ಮೊದಲು ನಿಮ್ಮ ಎಂಜಿನ್ ಯಾವ ತರಹದ್ದು ನೋಡಿಕೊಳ್ಳಿ.

ಮ್ಯಾಗ್ನೆಟ್, ಅಂದರೆ ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಅಯಸ್ಕಾಂತದ ಚಕ್ರ, ಅದನ್ನು ಹಿಡಿಯುವ ಟೂಲ್ ಇನ್ನೂ ಸುಲಭ. 6 ಮಿಮೀ ದಪ್ಪದ ಎರಡು ಪಟ್ಟಿ, ನಡುವೆ ಕತ್ತರಿಯಂತೆ ಒಂದು ಬೋಲ್ಟ್, ತುದಿಗಳಲ್ಲಿ ಮ್ಯಾಗ್ನೆಟ್ಟಿನ ತೂತಿಗೆ ಕೂರುವ ಎರಡು ಪಿನ್. ಪಿನ್ ಉದ್ದವನ್ನು ಮಾತ್ರ ಅಳೆದು ಇಡಿ, ಜಾಸ್ತಿ ಉದ್ದವಾದರೆ ಒಳಗಿನ ಸ್ಟೇಟರ್ ಕಾಯಿಲ್ಲಿಗೆ ತಾಗುತ್ತದೆ. ತೂತಿಲ್ಲದ ಮ್ಯಾಗ್ನೆಟ್ಟಿಗೆ ಹೊರಗಿನಿಂದ ಪಟ್ಟಾ ಸುತ್ತಿ ಹಿಡಿಯುವ ಟೂಲ್ ಬೇಕು. ಅದನ್ನು ಕೊಂಡರೂ ಸರಿ, ಹಳೆಯ ಬೆಲ್ಟ್ ಮತ್ತು ಒಂದು ಪೈಪಿನಿಂದ ಮಾಡಿಕೊಂಡರೂ ಸರಿ.

ಇಂಪ್ಯಾಕ್ಟ್ ರೆಂಚ್ ಇದೆ, ಹೋಲ್ಡರ್ ಯಾಕೆ ಬೇಕು ಅನ್ನುವವರಿದ್ದಾರೆ. ಬಿಚ್ಚಲು ಬೇಕಿಲ್ಲ, ನಿಜ. ಆದರೆ ವಾಪಸ್ ಹಾಕುವಾಗ ಟಾರ್ಕ್ ಅಳೆದೇ ಬಿಗಿಯಬೇಕು, ಆಗ ಏನಾದರೊಂದು ಹಿಡಿದುಕೊಳ್ಳಲೇಬೇಕು.

ಸ್ಪಾರ್ಕ್ ಪ್ಲಗ್ ತೂತಿನಿಂದ ಹಗ್ಗ ತುರುಕಿ ಪಿಸ್ಟನ್ ನಿಲ್ಲಿಸುವ ಉಪಾಯವೂ ಇದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹೊಡೆತದಲ್ಲಿ ಮಾತ್ರ ಮಾಡಿ, ಇಲ್ಲದಿದ್ದರೆ ಹಗ್ಗ ತೆರೆದ ವಾಲ್ವಿನ ಮೇಲೆ ಒತ್ತುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಹಗ್ಗ ಪೋರ್ಟಿನೊಳಗೆ ಇಳಿದು ಪಿಸ್ಟನ್ ಅಂಚಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಹೋಲ್ಡರ್ ಮಾಡಲು ಸಾಧ್ಯವಿರುವಾಗ ನಾನು ಹಗ್ಗದ ಕಡೆ ಹೋಗುವುದಿಲ್ಲ.

ನಾಲ್ಕು ಸ್ಲಾಟಿನ ನಟ್ಟಿಗೆ ಬಾಕ್ಸ್

ಕೆಲವು ಎಂಜಿನ್‌ಗಳ ಕ್ಲಚ್ಚಿಗೆ ಆರು ಮೂಲೆಯ ನಟ್ ಇರುವುದಿಲ್ಲ, ದುಂಡಗಿನ ನಟ್ಟಿನಲ್ಲಿ ನಾಲ್ಕು ಸ್ಲಾಟ್ ಕೊರೆದಿರುತ್ತದೆ. ಉಳಿ ಇಟ್ಟು ಹೊಡೆದು ಬಿಚ್ಚುವುದನ್ನು ಎಲ್ಲರೂ ನೋಡಿರುತ್ತೀರಿ. ಒಂದು ಸಲ ಬಿಚ್ಚುತ್ತದೆ, ಎರಡನೇ ಸಲ ಆ ಸ್ಲಾಟ್ ಸ್ಲಾಟಾಗಿ ಉಳಿದಿರುವುದಿಲ್ಲ.

ನಿಮ್ಮ ಅಳತೆಯ ಬಾಕ್ಸ್ (ಸಾಕೆಟ್) ಸಿಗುವುದಾದರೆ ಕೊಂಡುಬಿಡಿ, ಸುಮ್ನೆ ಸಮಯ ಕಳೆಯಬೇಡಿ. ಸಿಗದಿದ್ದರೆ ನಟ್ಟಿನಷ್ಟೇ ಹೊರಸುತ್ತಳತೆ ಇರುವ ಹಳೆಯ ಬಾಕ್ಸ್ ಹುಡುಕಿ, ತುದಿಯಲ್ಲಿ ನಾಲ್ಕು ಹಲ್ಲು ಬಿಟ್ಟು ಉಳಿದದ್ದನ್ನು ಗ್ರೈಂಡ್ ಮಾಡಿ. ಮೂರು ವಿಷಯ ನೋಡಿಕೊಳ್ಳಿ. ಲೋಹ ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಗಡಸುತನ ಹೋಯಿತು ಅಂತಲೇ ಅರ್ಥ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಗ್ರೈಂಡ್ ಮಾಡಿ ನೀರಿಗೆ ಅದ್ದುತ್ತಾ ಇರಬೇಕು. ಹಲ್ಲಿನ ಬುಡದಲ್ಲಿ ಚೂಪು ಮೂಲೆ ಬಿಡದೆ ಸ್ವಲ್ಪ ದುಂಡಗಿಡಿ, ಬಿರುಕು ಶುರುವಾಗುವುದೇ ಚೂಪು ಮೂಲೆಯಿಂದ. ಮತ್ತೆ ಹಲ್ಲಿನ ಉದ್ದ ಸ್ಲಾಟಿನ ಆಳಕ್ಕಿಂತ ಚೂರು ಕಡಿಮೆ ಇರಲಿ, ಆಗ ಬಾಕ್ಸ್ ನಟ್ಟಿನ ಮುಖಕ್ಕೆ ಪೂರ್ತಿ ಕೂರುತ್ತದೆ. ಬಿಚ್ಚುವಾಗ ಬಾಕ್ಸ್ ಹೊರಗೆ ಜಾರದಂತೆ ಅಂಗೈಯಿಂದ ಬಲವಾಗಿ ಒಳಕ್ಕೆ ಒತ್ತಿ ಹಿಡಿಯಿರಿ.

ಎಳೆಯುವ ಟೂಲ್‌ಗಳು: ಇಲ್ಲಿ ತೀರ್ಪು ಒಂದೇ ತರಹ ಇಲ್ಲ

ಮ್ಯಾಗ್ನೆಟ್ ಪುಲ್ಲರ್ ಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಮ್ಯಾಗ್ನೆಟ್ ಕ್ರ್ಯಾಂಕಿನ ಟೇಪರ್ (ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವ ಭಾಗ) ಮೇಲೆ ಕಚ್ಚಿ ಕೂತಿರುತ್ತದೆ. ಪಕ್ಕದಲ್ಲಿರುವ ಕೀ ಅನ್ನುವ ಸಣ್ಣ ಲೋಹದ ತುಂಡು ಟೈಮಿಂಗ್ ಸರಿಯಾದ ಜಾಗದಲ್ಲಿ ಕೂರಿಸಲು ಮಾತ್ರ, ನಿಜವಾದ ಹಿಡಿತ ಟೇಪರಿನದು. ಅದನ್ನು ಬಿಡಿಸಲು ಬೇಕಾದ ಬಲ ಜಾಸ್ತಿ, ಆ ಬಲವನ್ನೆಲ್ಲ ಹೊರುವುದು ಮ್ಯಾಗ್ನೆಟ್ಟಿನ ನಡುವೆ ಇರುವ ಸಣ್ಣ ಥ್ರೆಡ್. ಎಷ್ಟೋ ಗಾಡಿಗಳಲ್ಲಿ ಆ ಥ್ರೆಡ್ 27 ಮಿಮೀ ವ್ಯಾಸ, 1 ಮಿಮೀ ಪಿಚ್, ಅದೂ ಎಡಗೈ ಥ್ರೆಡ್, ಅಂದರೆ ಉಲ್ಟಾ ತಿರುಗಿಸಿ ಬಿಗಿಯುವಂಥದ್ದು. ಅಷ್ಟು ಸಣ್ಣ ಪಿಚ್ಚಿನ ಥ್ರೆಡ್ಡನ್ನು ಸಡಿಲವಾಗಿ ಕೊರೆದರೆ ಮ್ಯಾಗ್ನೆಟ್ಟಿನ ಥ್ರೆಡ್ಡನ್ನೂ ಕಿತ್ತುಕೊಂಡೇ ಹೊರಗೆ ಬರುತ್ತದೆ. ಆಮೇಲೆ ಸರಿಯಾದ ಪುಲ್ಲರ್ ತಂದರೂ ಕೂರುವ ಜಾಗವೇ ಇರುವುದಿಲ್ಲ. ಇಷ್ಟಾಗಿ, ಆ ಥ್ರೆಡ್ ಕೊರೆಯುವ ಡೈಗೇ ಪುಲ್ಲರ್‌ಗಿಂತ ಜಾಸ್ತಿ ಖರ್ಚಾಗುತ್ತದೆ.

ಮೂರು ಕಾಲಿನ ಬೇರಿಂಗ್ ಪುಲ್ಲರ್ ಹೊರ ಅಂಚಿಗೆ ಸಿಕ್ಕಿಸುವ ಯೋಚನೆಯನ್ನೂ ಬಿಡಿ. ಹೊರಬಳೆಗೂ ನಡುವಿನ ಬಾಸ್‌ಗೂ ಎಷ್ಟೋ ಕಡೆ ರಿವೆಟ್ಟಿನ ಜೋಡಣೆ ಇರುತ್ತದೆ, ಅಂಚು ಹಿಡಿದು ಎಳೆದರೆ ಬಳೆ ಸೊಟ್ಟಗಾಗುತ್ತದೆ ಅಥವಾ ರಿವೆಟ್ ಸಡಿಲವಾಗುತ್ತದೆ. ಮ್ಯಾಗ್ನೆಟ್ಟಿನ ಮುಖದ ಮೇಲೆ ಎರಡು ಮೂರು ಥ್ರೆಡ್ ಇರುವ ತೂತು ಕೊಟ್ಟಿದ್ದರೆ ಮಾತ್ರ ಮಾತು ಬೇರೆ. ಅಲ್ಲಿ ದಪ್ಪ ಪ್ಲೇಟಿಗೆ ಅದೇ ಜಾಗದಲ್ಲಿ ತೂತು ಹೊಡೆದು, ನಡುವೆ ಒತ್ತುವ ಬೋಲ್ಟ್ ಇಟ್ಟು ಮನೆಯಲ್ಲೇ ಮಾಡಿಕೊಳ್ಳಬಹುದು.

ಪುಲ್ಲರ್ ಯಾವುದೇ ಆಗಲಿ, ಬಳಸುವ ಕ್ರಮ ಒಂದೇ. ಮೊದಲು ಥ್ರೆಡ್ಡಿನ ಕೊಳೆ ಪೂರ್ತಿ ತೆಗೆದು, ಪುಲ್ಲರಿನ ಮೈಯನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ ಕೂರಿಸಿ. ಎರಡೇ ಸುತ್ತು ಹಿಡಿದಿದ್ದರೆ ಬೋಲ್ಟ್ ಬಿಗಿಯಲು ಹೋಗಬೇಡಿ. ಕ್ರ್ಯಾಂಕ್ ತುದಿ ಅರಳದಂತೆ ನಡುವೆ ಒಂದು ಗಟ್ಟಿ ಟೋಪಿಯೋ ಗುಂಡೋ ಇಡಿ. ನಡುವಿನ ಬೋಲ್ಟ್ ಚೆನ್ನಾಗಿ ಬಿಗಿದ ಮೇಲೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದು ಚುರುಕಾದ ಏಟು ಕೊಡಿ. ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಏಟು ಮ್ಯಾಗ್ನೆಟ್ಟಿನ ಮೈಮೇಲೆ ಬೀಳಬಾರದು, ಒಳಗಿನ ಅಯಸ್ಕಾಂತದ ತುಂಡುಗಳು ಒಡೆಯುತ್ತವೆ.

ಪಿಸ್ಟನ್ ಪಿನ್ ಪುಲ್ಲರ್ ವಿಷಯದಲ್ಲಿ ನನ್ನ ಮಾತು ಪೂರ್ತಿ ಉಲ್ಟಾ. ಅದನ್ನು ಕೊಳ್ಳಬೇಡಿ, ಮಾಡಿಕೊಳ್ಳಿ. ಪಿನ್ನಿನ ಒಳಗೆ ತೂರುವ ಉದ್ದನೆಯ ಥ್ರೆಡ್ ರಾಡ್, ಎರಡು ನಟ್, ಪಿನ್ನಿಗಿಂತ ಸ್ವಲ್ಪ ಚಿಕ್ಕ ವಾಷರ್, ಪಿನ್ ಒಳಗೆ ಬರುವಷ್ಟು ಅಗಲದ ಪೈಪ್ ತುಂಡು. ಇಷ್ಟೇ ಸಾಮಾನು. ಒಂದು ಕಡೆ ವಾಷರ್ ಪಿನ್ನನ್ನು ತಳ್ಳುತ್ತದೆ, ಇನ್ನೊಂದು ಕಡೆ ಪೈಪ್ ಪಿಸ್ಟನ್ನಿಗೆ ಒರಗಿಕೊಂಡು ಪಿನ್ನನ್ನು ಒಳಗೆ ತೆಗೆದುಕೊಳ್ಳುತ್ತದೆ. ಪೈಪಿನ ಅಂಚಿಗೆ ದಪ್ಪ ಬಟ್ಟೆ ಅಥವಾ ಚರ್ಮದ ತುಂಡು ಇಟ್ಟರೆ ಪಿಸ್ಟನ್ ಮೇಲೆ ಗೀರು ಬೀಳುವುದಿಲ್ಲ. ಮೊದಲು ಸರ್ಕ್ಲಿಪ್ ತೆಗೆದಿರುತ್ತೀರಿ, ಅದು ಕೂರುವ ಸ್ಲಾಟಿನ ಅಂಚಿನಲ್ಲಿ ಎದ್ದಿರುವ ಸಣ್ಣ ಸಿಬುರನ್ನು ಬ್ಲೇಡಿನಿಂದ ಕೆರೆದುಬಿಡಿ. ಪಿನ್ ಅಲ್ಲೇ ಸಿಕ್ಕಿಕೊಳ್ಳುವುದು. ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಆ ಪೆಟ್ಟೆಲ್ಲ ಕನೆಕ್ಟಿಂಗ್ ರಾಡಿಗೂ ಕೆಳಗಿನ ಬೇರಿಂಗಿಗೂ ಅಡ್ಡಲಾಗಿ ಬೀಳುತ್ತದೆ.

ಇದರ ಜೊತೆಗೇ ಒಂದು ಮರದ ತುಂಡು ಮಾಡಿಟ್ಟುಕೊಳ್ಳಿ. 12 ಮಿಮೀ ಪ್ಲೈವುಡ್‌ಗೆ ಕನೆಕ್ಟಿಂಗ್ ರಾಡ್ ಕೂರುವಷ್ಟು ಅಗಲದ ಸ್ಲಾಟ್ ಕೊಯ್ದರೆ ಪಿಸ್ಟನ್ ಅದರ ಮೇಲೆ ನೆಟ್ಟಗೆ ನಿಲ್ಲುತ್ತದೆ, ಸಿಲಿಂಡರ್ ಇಳಿಸುವಾಗ ಎರಡೂ ಕೈ ರಿಂಗ್ ಒತ್ತಲು ಖಾಲಿ ಇರುತ್ತವೆ. ಕಂಪನಿ ಟೂಲ್‌ಗಿಂತ ಮರವೇ ಒಳ್ಳೆಯದು, ಗ್ಯಾಸ್ಕೆಟ್ ಮುಖಕ್ಕೆ ಗೀರು ಮಾಡುವುದಿಲ್ಲ.

ಕ್ರ್ಯಾಂಕ್‌ಕೇಸ್ ಬೇರೆ ಮಾಡುವ ಟೂಲ್ ಮನೆಯಲ್ಲಿ ಮಾಡಬಹುದಾದದ್ದೇ, ಆದರೆ ಎಚ್ಚರ ಬೇಕು. 10 ಅಥವಾ 12 ಮಿಮೀ ದಪ್ಪದ ಪ್ಲೇಟ್, ಅದರಲ್ಲಿ ಮೂರು ಉದ್ದನೆಯ ಸ್ಲಾಟ್, ನಡುವೆ ಥ್ರೆಡ್ ಹಾಕಿದ ತೂತು. ಸ್ಲಾಟುಗಳ ಮೂಲಕ ಬೋಲ್ಟ್ ಹಾಕಿ ಕೇಸಿನಲ್ಲಿರುವ ಥ್ರೆಡ್ ತೂತುಗಳಿಗೆ ಸಿಕ್ಕಿಸಿ, ನಡುವಿನ ಬೋಲ್ಟಿನಿಂದ ಕ್ರ್ಯಾಂಕ್ ತುದಿಯನ್ನು ಒತ್ತುವುದು. ಕೇಸಿನ ಬೋಲ್ಟುಗಳು ಆಳವಾಗಿ ಹಿಡಿದಿರಬೇಕು. ಪ್ಲೇಟ್ ಕೇಸಿಗೆ ಸಮಾನಾಂತರವಾಗಿ ಕೂರಬೇಕು, ಒಂದು ಕಡೆ ವಾಲಿದರೆ ಕೇಸೂ ವಾಲಿಯೇ ಬಿಡಿಸಿಕೊಳ್ಳುತ್ತದೆ. ಸ್ವಲ್ಪ ಬಿಗಿದು, ಸುತ್ತಲೂ ನೈಲಾನ್ ಸುತ್ತಿಗೆಯಿಂದ ತಟ್ಟಿ, ಸಂದು ಎಲ್ಲಾ ಕಡೆ ಒಂದೇ ಸಮ ಇದೆಯಾ ನೋಡಿ, ಮತ್ತೆ ಸ್ವಲ್ಪ ಬಿಗಿಯಿರಿ. ಎಲ್ಲೋ ಒಂದು ಕಡೆ ಸಂದು ತೆರೆಯುತ್ತಿಲ್ಲ ಅಂದರೆ ಬಲ ಹಾಕುವುದು ನಿಲ್ಲಿಸಿ, ಅಲ್ಲಿ ಮರೆತುಹೋದ ಬೋಲ್ಟ್ ಇದೆಯಾ ನೋಡಿ. ಇಷ್ಟು ತಾಳ್ಮೆ ಇಲ್ಲದಿದ್ದರೆ ಈ ಕೆಲಸವನ್ನೇ ಗೊತ್ತಿರುವವರ ಕೈಗೆ ಕೊಡಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಮುಖ ಹಾಳಾಗಿ ಆಯಿಲ್ ಸೋರುವುದು ತಪ್ಪುವುದಿಲ್ಲ.

ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ಎರಡೂ ಕಡೆ ಬರುತ್ತದೆ. ಹೆಡ್ಡಿಗೆ ಎರಡೇ ವಾಲ್ವ್ ಇದ್ದು ಸ್ಪ್ರಿಂಗ್ ಹೊರಗೆ ಕಾಣುವಂತಿದ್ದರೆ ಒಂದು ಸಿ ಕ್ಲ್ಯಾಂಪ್, ಪಕ್ಕದಲ್ಲಿ ಕಿಟಕಿ ಕೊಯ್ದ ಪೈಪ್ ತುಂಡು ಸಾಕು. ಪೈಪ್ ಸ್ಪ್ರಿಂಗಿನ ಮೇಲಿನ ತಟ್ಟೆಯನ್ನು ಒತ್ತುತ್ತದೆ, ಕಿಟಕಿಯಿಂದ ಸಣ್ಣ ಅಯಸ್ಕಾಂತದ ಕಡ್ಡಿ ಹಾಕಿ ವಾಲ್ವ್ ಲಾಕ್ ತೆಗೆಯಬಹುದು. ಆದರೆ ನಾಲ್ಕು ವಾಲ್ವಿನ, ಬಕೆಟ್ (ವಾಲ್ವ್ ಮೇಲೆ ಕೂರುವ ಸಣ್ಣ ಲೋಹದ ಬಟ್ಟಲು) ಇರುವ ಹೆಡ್ಡಿನಲ್ಲಿ ಸ್ಪ್ರಿಂಗ್ ಆಳವಾದ ಬಾವಿಯೊಳಗೆ ಇರುತ್ತದೆ, ಆ ಬಾವಿಯ ಗೋಡೆಯೇ ಬಕೆಟ್ ಓಡಾಡುವ ಜಾಗ. ಒರಟು ಪೈಪ್ ಅಲ್ಲಿ ಒಂದು ಗೀರು ಎಳೆದರೂ ಹೆಡ್ಡಿಗೇ ಪೆಟ್ಟು. ಅಂಥ ಹೆಡ್ಡಿಗೆ ಸರಿಯಾದ ಅಡಾಪ್ಟರ್ ಇರುವ ಟೂಲ್ ಕೊಂಡು, ಗೋಡೆಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟು ಕೆಲಸ ಮಾಡಿ. ಯಾವುದೇ ಟೂಲ್ ಆದರೂ ಕನ್ನಡಕ ಹಾಕಿಕೊಳ್ಳದೆ ಸ್ಪ್ರಿಂಗ್ ಒತ್ತಬೇಡಿ. ಲಾಕ್ ಹಾರಿದರೆ ಕಣ್ಣಿಗೇ ಬರುವಷ್ಟು ಹತ್ತಿರ ಮುಖ ಇಟ್ಟಿರುತ್ತೀರಿ.

ಅಳೆಯುವ ಟೂಲ್‌ಗಳು

ಫೀಲರ್ ಗೇಜ್, ಟಾರ್ಕ್ ರೆಂಚ್, ಕಂಪ್ರೆಷನ್ ಗೇಜ್ ಮೂರನ್ನೂ ಕೊಳ್ಳಿ. ಟ್ಯಾಪೆಟ್ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಇಡುವಂಥದ್ದು, ಅದಕ್ಕೆ ಸಿಕ್ಕಿದ ತಗಡಿನ ಚೂರು ನಡೆಯುವುದಿಲ್ಲ. ಕಂಪ್ರೆಷನ್ ಗೇಜನ್ನು ಹಳೆಯ ಪ್ಲಗ್ಗಿಗೆ ಪೈಪ್ ಸೇರಿಸಿ ಮಾಡುವವರಿದ್ದಾರೆ. ತೊಂದರೆ ಏನೆಂದರೆ ಆ ಪೈಪಿನೊಳಗಿನ ಜಾಗವೂ ಕಂಬಶನ್ ಚೇಂಬರಿಗೆ ಸೇರಿಕೊಳ್ಳುತ್ತದೆ, ಸಣ್ಣ ಎಂಜಿನ್‌ನಲ್ಲಿ ಅಷ್ಟಕ್ಕೇ ಗೇಜ್ ಕಡಿಮೆ ತೋರಿಸುತ್ತದೆ, ನೀವು ರಿಂಗ್ ಹೋಗಿದೆ ಅಂದುಕೊಂಡು ಚೆನ್ನಾಗಿರುವ ಎಂಜಿನ್ ಬಿಚ್ಚುತ್ತೀರಿ. ಕೊಳ್ಳುವಾಗಲೂ ಗಾಳಿ ಹಿಡಿಯುವ ವಾಲ್ವ್ ಪ್ಲಗ್ ತೂತಿಗೆ ಹಾಕುವ ತುದಿಯಲ್ಲೇ ಇದೆಯಾ ನೋಡಿ ತೆಗೆದುಕೊಳ್ಳಿ.

ಟಾರ್ಕ್ ರೆಂಚ್ ಕೊಂಡ ಮೇಲೆ ಅದು ಸುಳ್ಳು ಹೇಳುತ್ತಿದೆಯಾ ಅಂತ ಪರೀಕ್ಷೆ ಮಾಡುವುದನ್ನು ಮನೆಯಲ್ಲೇ ಮಾಡಬಹುದು. ಅದರ ಚೌಕ ತಲೆಯನ್ನು ಬೆಂಚ್ ವೈಸಿನಲ್ಲಿ ಹಿಡಿಸಿ, ಹಿಡಿ ನೆಲಕ್ಕೆ ಸಮನಾಗಿರಲಿ, ತಲೆಯಿಂದ 0.4 ಮೀಟರ್ ದೂರದಲ್ಲಿ ಸರಿಯಾಗಿ ತೂಗಿದ 10 ಕೆಜಿ ನೇತುಹಾಕಿ. 10 ಕೆಜಿ ಅಂದರೆ 98 ನ್ಯೂಟನ್, ಗುಣಿಸಿದರೆ 39.2 ನ್ಯೂಟನ್ ಮೀಟರ್. ರೆಂಚನ್ನು ಅದರ ಆಸುಪಾಸಿಗೆ ಇಟ್ಟು ಎಲ್ಲಿ ಕ್ಲಿಕ್ ಆಗುತ್ತದೆ ನೋಡಿ.

ಹಾಗಾದರೆ ಅಳೆಯುವ ಟೂಲ್ ಮನೆಯಲ್ಲಿ ಮಾಡಲೇಬಾರದಾ? ಮಾಡಬಹುದು, ಆದರೆ ಅದು ಎರಡು ಕಡೆಗಳನ್ನು ಹೋಲಿಸುವ ಟೂಲ್ ಆಗಿರಬೇಕು. ಇಂತಿಷ್ಟೇ ಅನ್ನುವ ಅಂಕಿ ಬೇಕಾದಲ್ಲಿ ಕೊಂಡದ್ದೇ ಸರಿ. ಎರಡು ಕಡೆ ಸಮ ಇದೆಯಾ ಅನ್ನುವುದಷ್ಟೇ ಬೇಕಾದಲ್ಲಿ ಮನೆಯದು ಎಷ್ಟೋ ಸಲ ಗೆಲ್ಲುತ್ತದೆ.

ಪಿಸ್ಟನ್ ಸ್ಟಾಪ್ ಅಂಥದ್ದು. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ತೆಗೆದು, ಒಳಗೆ ಥ್ರೆಡ್ ಹಾಕಿ, ತುದಿ ದುಂಡಗೆ ಮಾಡಿದ ಹಿತ್ತಾಳೆ ಬೋಲ್ಟ್ ತೂರಿಸಿ. ಇದನ್ನು ಪ್ಲಗ್ ತೂತಿಗೆ ಹಾಕಿ ಕ್ರ್ಯಾಂಕನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದರೆ ಪಿಸ್ಟನ್ ಮೇಲೆ ತಲುಪುವ ಮೊದಲೇ ತಾಗಿ ನಿಲ್ಲುತ್ತದೆ. ಮ್ಯಾಗ್ನೆಟ್ ಮೇಲೆ ಗುರುತು ಹಾಕಿ. ಈಗ ಉಲ್ಟಾ ದಿಕ್ಕಿಗೆ ತಿರುಗಿಸಿ, ತಾಗಿದಲ್ಲಿ ಇನ್ನೊಂದು ಗುರುತು. ಎರಡರ ಸರಿಯಾದ ನಡುವೆ ಇರುವುದೇ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲೆ ತಲುಪುವ ಜಾಗ. ಬೋಲ್ಟ್ ಒಂದು ಮಿಮೀ ಉದ್ದವಾಗಲಿ ಗಿಡ್ಡವಾಗಲಿ, ಉತ್ತರ ಬದಲಾಗುವುದಿಲ್ಲ. ಇದನ್ನು ನಟ್ ಬಿಚ್ಚುವಾಗ ಪಿಸ್ಟನ್ ಹಿಡಿಯಲು ಮಾತ್ರ ಬಳಸಬೇಡಿ, ಪಿಸ್ಟನ್ನಿನ ತಲೆಗೆ ಗುಳಿ ಬೀಳುತ್ತದೆ.

ಇನ್ನೊಂದು, ಎರಡು ಕಾರ್ಬುರೇಟರ್ ಇರುವ ಗಾಡಿಗೆ ಬೇಕಾದ ಮಾನೋಮೀಟರ್, ಎರಡರ ಎಳೆತವೂ ಸಮ ಇದೆಯಾ ಅಂತ ತೋರಿಸುವಂಥದ್ದು. ಒಂದು ಹಲಗೆಯ ಮೇಲೆ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಿಗಿದು ಒಳಗೆ ಟೂ ಸ್ಟ್ರೋಕ್ ಆಯಿಲ್ ಹಾಕಿ, ಎರಡು ತುದಿಗಳನ್ನು ಎರಡು ಕಾರ್ಬುರೇಟರಿನ ವ್ಯಾಕ್ಯೂಮ್ ತೂತಿಗೆ ಕೊಟ್ಟರೆ ಆಯಿತು. ಆಯಿಲ್ ಎರಡೂ ಕಡೆ ಸಮ ನಿಂತರೆ ಕಾರ್ಬುರೇಟರ್ ಸಮ. ಪಾದರಸಕ್ಕಿಂತ ಆಯಿಲ್ ಎಷ್ಟೋ ಹಗುರ, ಹಾಗಾಗಿ ಪಾದರಸದಲ್ಲಿ 1 ಸೆಂಮೀ ಕಾಣುವ ವ್ಯತ್ಯಾಸ ಆಯಿಲಿನಲ್ಲಿ 15 ಸೆಂಮೀ ದಾಟುತ್ತದೆ. ಎರಡು ಡಯಲ್ ಗೇಜ್ ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಇದು ಸೂಕ್ಷ್ಮ, ಯಾಕೆಂದರೆ ಆ ಎರಡು ಗೇಜ್ ಒಂದೇ ತರಹ ತೋರಿಸುತ್ತವೆ ಅನ್ನುವ ಖಾತರಿ ಇಲ್ಲ.

ಅಷ್ಟು ಸೂಕ್ಷ್ಮವಾಗಿರುವುದೇ ಅದರ ತೊಂದರೆಯೂ ಹೌದು. ಕಾರ್ಬುರೇಟರ್ ತುಂಬ ಏರುಪೇರಾಗಿದ್ದರೆ ಆಯಿಲ್ ಪೂರ್ತಿ ಒಂದೇ ಕಡೆಗೆ ಏರಿ ಎಂಜಿನ್ ಒಳಗೆ ಹೋಗಿಬಿಡುತ್ತದೆ. ಎರಡೂ ಪೈಪಿನ ದಾರಿಯಲ್ಲಿ ಒಂದೊಂದು ಗಟ್ಟಿ ಬಾಟಲಿ ಇಡಿ, ಹಾಕಿದ ಆಯಿಲ್ ಅಷ್ಟೂ ಹಿಡಿಯುವಷ್ಟು ದೊಡ್ಡದು, ಏರಿದ ಆಯಿಲ್ ಅಲ್ಲೇ ನಿಲ್ಲುತ್ತದೆ. ಪೈಪಿನ ಬಾಯಿಗೆ ಕಾರ್ಬುರೇಟರಿನ ಸಣ್ಣ ಹಳೆಯ ಜೆಟ್ ಸಿಕ್ಕಿಸಿದರೆ ಆಯಿಲ್ ಕುಣಿಯುವುದೂ ಕಡಿಮೆಯಾಗುತ್ತದೆ. ಪಾದರಸ ಮಾತ್ರ ಯಾವ ಕಾರಣಕ್ಕೂ ಬೇಡ, ಅದರ ಆವಿ ವಿಷ.

ನಡುವಿನ ದಾರಿ: ಲೇತ್‌ನಲ್ಲಿ ಮಾಡಿಸುವುದು

ಮನೆಯಲ್ಲಿ ಆಗುವುದಿಲ್ಲ, ಅಂಗಡಿಯಲ್ಲೂ ಸಿಗುವುದಿಲ್ಲ ಅನ್ನುವ ಟೂಲ್‌ಗಳಿಗೆ ಈ ದಾರಿ. ಬೇರಿಂಗ್ ಕೂರಿಸುವ ಅಲ್ಯೂಮಿನಿಯಂ ಬಿಲ್ಲೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬೇರಿಂಗಿನ ಹೊರ ಅಳತೆಗಿಂತ 1 ಮಿಮೀ ಚಿಕ್ಕದಾಗಿ ಮಾಡಿಸಿ, ಕೇಸನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟು ತೆಗೆದರೆ ಹೆಚ್ಚು ಬಲವಿಲ್ಲದೆ ಕೂರುತ್ತದೆ. ಬಿಲ್ಲೆ ಹೊರ ರೇಸನ್ನು ಮಾತ್ರ ಒತ್ತುವಂತೆ ನಡುವೆ ಸ್ವಲ್ಪ ಕೊರೆಸಿ. ಕೇಸಿಗೆ ಕೂರಿಸುವಾಗ ಒಳ ರೇಸನ್ನು ಒತ್ತಿದರೆ ಪೆಟ್ಟು ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗ್ ಅಲ್ಲೇ ಹಾಳು.

ಲೇತ್‌ಗೆ ಹೋಗುವಾಗ ಬಾಯಲ್ಲಿ ಅಳತೆ ಹೇಳಬೇಡಿ. ಸಾಧ್ಯವಾದರೆ ಆ ಪಾರ್ಟನ್ನೇ ತೆಗೆದುಕೊಂಡು ಹೋಗಿ, ಜೊತೆಗೆ ಕೈಯಲ್ಲಿ ಬರೆದ ಒಂದು ಚಿತ್ರ. ಒತ್ತುವ ನಡುಬೋಲ್ಟಿಗೆ ತಲೆಯ ಮೇಲೆ 10.9 ಅಥವಾ 12.9 ಅಂತ (ಬೋಲ್ಟಿನ ಗಟ್ಟಿತನದ ದರ್ಜೆ) ಗುರುತಿರುವುದನ್ನೇ ಕೊಡಿ, ಗುರುತಿಲ್ಲದ ಬೋಲ್ಟ್ ಬಿಗಿಯುತ್ತಾ ಹೋದಂತೆ ತಿರುಚಿಕೊಳ್ಳುತ್ತದೆ. ಅಂಥ ಗಡಸು ಬೋಲ್ಟಿಗೆ ವೆಲ್ಡ್ ಮಾಡಿಸಬೇಡಿ, ಬಿಸಿಯಾದ ಜಾಗದಲ್ಲಿ ಅದರ ಶಕ್ತಿಯೇ ಹೋಗುತ್ತದೆ. ಮತ್ತೆ ಹಿಡಿಗೆ ಅಂತ ಸತುವಿನ ಲೇಪ ಇರುವ ನೀರಿನ ಪೈಪ್ ತಂದಿದ್ದರೆ, ವೆಲ್ಡ್ ಮಾಡುವ ಮೊದಲು ಆ ಲೇಪವನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆಯಿರಿ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ.